ಋಣವಿಮೋಚನೆ (ಕ್ರೈಸ್ತ ಸಿದ್ಧಾಂತ)

ಮಾನವನು ಪಾಪದಿಂದ ದೇವರಿಗೆ ತೀರಿಸಲಾರದ ಋಣಕ್ಕೆ ಗುರಿಯಾಗಿದ್ದಾನೆಂದೂ, ಆ ಋಣವನ್ನು ಯೇಸುಕ್ರಿಸ್ತನು ಶಿಲುಬೆಯ ಮರಣದಿಂದ ಅವನ ಪರವಾಗಿ ಒಮ್ಮೆಗೇ ಸಲ್ಲಿಸಿರುವನೆಂದೂ, ಆದಕಾರಣ ರಕ್ಷಣೆಯು ಗಳಿಸತಕ್ಕ ಪ್ರತಿಫಲವಲ್ಲ, ವಿಶ್ವಾಸದಿಂದ ಸ್ವೀಕರಿಸತಕ್ಕ ಕೃಪೆಯೆಂದೂ ಬೋಧಿಸುವ ಸಿದ್ಧಾಂತ.

ಇದರ ಬೀಜವು ಹೊಸ ಒಡಂಬಡಿಕೆಯಲ್ಲಿಯೇ ಇದೆ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ದೃಷ್ಟಾಂತದಲ್ಲಿ ಸೇವಕನೊಬ್ಬನು ಅರಸನಿಗೆ 10,000 ತಲಾಂತುಗಳನ್ನು ಸಲ್ಲಿಸಬೇಕಾಗಿದೆ. ತಲಾಂತೊಂದಕ್ಕೆ 6,000 ದೆನಾರಿಯಸ್ ನಾಣ್ಯಗಳೆಂದೂ, ಕೂಲಿಯವನ ದಿನಗೂಲಿ ಒಂದು ದೆನಾರಿಯಸ್ ಎಂದೂ ಎಣಿಸಿದರೆ, ಇದು 1,60,000 ವರ್ಷಗಳಿಗೂ ಮೀರಿದ ದುಡಿಮೆಯಾಗುತ್ತದೆ. ಅರಸನು ಕನಿಕರಪಟ್ಟು ಇಷ್ಟನ್ನೂ ಬಿಟ್ಟುಕೊಟ್ಟ ಮೇಲೆ, ಆ ಸೇವಕನು ಹೊರಬಂದು, ತನಗೆ ಕೇವಲ 100 ದೆನಾರಿಯಸ್ ಕೊಡಬೇಕಾಗಿದ್ದ ಜೊತೆಯಾಳಿನ ಕುತ್ತಿಗೆ ಹಿಡಿಯುತ್ತಾನೆ. ಅದರಿಂದ ತನಗೆ ದೊರೆತಿದ್ದ ಕ್ಷಮೆಯನ್ನೂ ಕಳೆದುಕೊಳ್ಳುತ್ತಾನೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಾದರೋ ನಮಗೆ ವಿರುದ್ಧವಾಗಿದ್ದ ಸಾಲಪತ್ರವೇ ಅಳಿಸಲ್ಪಟ್ಟು ಶಿಲುಬೆಗೆ ಜಡಿಯಲ್ಪಟ್ಟಿತೆಂದು ಸಾರುತ್ತದೆ.

ಸಲ್ಲಿಕೆಯಾದದ್ದು ಯಾರಿಗೆ? ಮೂರನೆಯ ಶತಮಾನದ ಒರಿಗೆನನೂ ನಾಲ್ಕನೆಯ ಶತಮಾನದ ನಿಸ್ಸದ ಗ್ರೆಗೊರಿಯೂ ಸೈತಾನನಿಗೆಂದು ಭಾವಿಸಿದರು. ನಜಿಯಾಂಜಸಿನ ಗ್ರೆಗೊರಿಗೆ ಈ ಮಾತು ಅಸಹ್ಯವೆನಿಸಿತು. ಕಳ್ಳನಿಗೆ ಈಡು ತೆರುವುದೆಂತು ಎಂಬ ಅವನ ಆಕ್ಷೇಪವು ನ್ಯಾಯವಾದದ್ದೇ.

ಈ ವಿಚಾರಕ್ಕೆ ತರ್ಕದ ಗಟ್ಟಿ ನೆಲೆಗಟ್ಟನ್ನು ಹಾಕಿದವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ (1033–1109). ಇಂಗ್ಲೆಂಡಿನ ಅರಸನೊಡನೆ ವಿರಸವುಂಟಾಗಿ ದೇಶಾಂತರದಲ್ಲಿದ್ದಾಗ, 1098ರಲ್ಲಿ, ಇಟಲಿಯ ಕಾಪುವಾ ಸಮೀಪದ ಬೆಟ್ಟದೂರಿನಲ್ಲಿ ಅವನು ಮುಗಿಸಿದ ‘ಕುರ್ ದೇಉಸ್ ಹೋಮೋ’ ಗ್ರಂಥವು ಶಿಷ್ಯ ಬೋಸೋನೊಡನೆ ನಡೆಯುವ ಸಂವಾದರೂಪದಲ್ಲಿದೆ. ದೇವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸದಿರುವುದೇ ಪಾಪ. ಪಶ್ಚಾತ್ತಾಪ, ಉಪವಾಸ, ವಿಧೇಯತೆಗಳನ್ನು ಸಲ್ಲಿಸುವೆನೆಂದು ಬೋಸೋ ಹೇಳಿದರೆ, ಪಾಪವಿಲ್ಲದಿದ್ದರೂ ಅವೆಲ್ಲ ನಿನ್ನ ಮೇಲಣ ಬಾಧ್ಯತೆಯೇ ಅಲ್ಲವೇ, ಹಳೆಯ ಬಾಕಿಗೆ ಏನು ಉಳಿಯಿತು ಎಂದು ಗುರುವು ಕೇಳುತ್ತಾನೆ. ಇಡೀ ಲೋಕವೇ ನಾಶವಾಗುವಂತಿದ್ದರೂ ದೇವರ ಇಚ್ಛೆಗೆ ವಿರುದ್ಧವಾಗಿ ಒಂದು ನೋಟವನ್ನು ಹಾಯಿಸಬಹುದೇ ಎಂಬ ಪ್ರಶ್ನೆಗೆ ಶಿಷ್ಯನು ಕೂಡದೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಒಂದು ನೋಟದ ತೂಕವೇ ಅಷ್ಟಾದ ಮೇಲೆ ಜೀವಮಾನದ ಪಾಪಗಳ ಲೆಕ್ಕವನ್ನು ಮಾಡುವವರಾರು? ತೀರಿಸಬೇಕಾದವನು ಮಾನವ, ತೀರಿಸಬಲ್ಲವನು ದೇವರು; ಆದ್ದರಿಂದ ದೇವಮಾನವನೇ ಬರಬೇಕಾಯಿತು. ನಿಷ್ಪಾಪಿಯಾದ ಅವನಿಗೆ ಮರಣವು ಬಾಧ್ಯತೆಯಾಗಿರಲಿಲ್ಲವಾದ್ದರಿಂದ, ಸ್ವೇಚ್ಛೆಯಿಂದ ಅರ್ಪಿಸಿದ ಆ ಪ್ರಾಣದ ಪುಣ್ಯವು ಬಂಧುಗಳಾದ ಮಾನವರ ಪಾಲಿಗೆ ಬಂದಿತು.

ಆನ್ಸೆಲ್ಮನ ದೇವರು ರಕ್ತದಾಹಿಯೆಂಬ ಟೀಕೆಯು ಗ್ರಂಥವನ್ನು ಸರಿಯಾಗಿ ಓದದವರದು. ಅವನಲ್ಲಿ ಋಣಸಂದಾಯವು ದಂಡನೆಗೆ ಪರ್ಯಾಯವೇ ಹೊರತು ದಂಡನೆಯಲ್ಲ. ಕ್ರಿಸ್ತನು ನಮ್ಮ ದಂಡನೆಯನ್ನೇ ಅನುಭವಿಸಿದನೆಂಬ ಭಾವವನ್ನು ಬೆಳೆಸಿದವರು ಹದಿನಾರನೆಯ ಶತಮಾನದ ಸುಧಾರಕರು, ವಿಶೇಷವಾಗಿ ಕ್ಯಾಲ್ವಿನ್. ಪಾಪಕ್ಷಮಾಪತ್ರಗಳ ವ್ಯಾಪಾರವನ್ನು ಕಂಡು 1517ರಲ್ಲಿ ಲೂಥರನು ಎತ್ತಿದ ದನಿಯು, ಕ್ರಿಸ್ತನು ಪೂರ್ಣವಾಗಿ ತೆತ್ತದ್ದಕ್ಕೆ ಸೇರಿಸಲು ಮನುಷ್ಯನ ಬಳಿ ಏನೂ ಇಲ್ಲವೆಂಬ ಬೋಧೆಯಾಗಿ ಬೆಳೆಯಿತು.

ಅತ್ಯಂತ ಕಠಿನವಾದ ಆಕ್ಷೇಪವನ್ನು 1594ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಫೌಸ್ಟೋ ಸೊಜ್ಜೀನಿ ಮುಂದಿಟ್ಟನು: ಸಾಲವು ಸಂದಾಯವಾಗಿದ್ದರೆ ಅದನ್ನು ಮನ್ನಿಸಿದಂತಾಗದು, ಮನ್ನಿಸಿದ್ದರೆ ಸಂದಾಯದ ಅಗತ್ಯವಿಲ್ಲ. ತೆತ್ತವನು ಮೂರನೆಯವನಾಗಿದ್ದರೆ ಈ ವಾದಕ್ಕೆ ಉತ್ತರವಿರಲಾರದು. ಆದರೆ ತ್ರಿತ್ವವನ್ನು ನಂಬುವ ಕ್ರೈಸ್ತನಿಗೆ ತೆತ್ತವನೂ ದೇವರೇ. ಸಾಲ ಬಿಟ್ಟ ಧಣಿಯ ಬೊಕ್ಕಸದಲ್ಲಿ ಅಷ್ಟು ಹಣ ಕಡಮೆಯಾಗುವಂತೆ, ಕ್ಷಮಿಸಿದವನೇ ನಷ್ಟವನ್ನು ಹೊತ್ತನು. ಸಿದ್ಧಾಂತದ ಜೀವವು ಇಲ್ಲಿದೆ. ಇದನ್ನು ಬಿಟ್ಟರೆ ಉಳಿಯುವುದು ಬರಿಯ ಲೇವಾದೇವಿ.

ಕನ್ನಡನಾಡಿನಲ್ಲಿ ಈ ಬೋಧೆಯನ್ನು ಹರಡಿದವರಲ್ಲಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಪ್ರಮುಖರು. ಆ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲನು ಕ್ರಿಸ್ತಚರಿತೆಯನ್ನು ಕನ್ನಡ ಪದ್ಯದಲ್ಲಿ ರಚಿಸಿ ‘ಕಥಾಮಾಲೆ’ಯೆಂಬ ಹೆಸರಿನಿಂದ 1862ರಲ್ಲಿ ಪ್ರಕಟಿಸಿದನು.