ಠಾಣೆಯ ಹೇಳಿಕೆ: ಅಪನಂಬಿಕೆಯಿಂದ ಹುಟ್ಟಿದ ಹಕ್ಕು

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು ಎಂಬ ನಿಯಮ ಸಂವಿಧಾನಕ್ಕಿಂತ ಸುಮಾರು ತೊಂಬತ್ತು ವರ್ಷ ಹಳೆಯದು. ಅದರ ಬೇರು ಮದ್ರಾಸ್ ಪ್ರಾಂತ್ಯದ ಕಂದಾಯ ವಸೂಲಿಯಲ್ಲಿದೆ. ಬಳ್ಳಾರಿ, ಕೆನರಾ ಜಿಲ್ಲೆಗಳೂ ಆಗ ಆ ಪ್ರಾಂತ್ಯಕ್ಕೇ ಸೇರಿದ್ದವು. ಎಲಿಯಟ್, ಸ್ಟೋಕ್ಸ್ ಮತ್ತು ನಾರ್ಟನ್ ಎಂಬ ಮೂವರಿದ್ದ ಚಿತ್ರಹಿಂಸೆ ತನಿಖಾ ಆಯೋಗ 1855ರಲ್ಲಿ ಕೊಟ್ಟ ವರದಿಯಲ್ಲಿ, ಬೆರಳುಗಳನ್ನು ಕೋಲುಗಳ ನಡುವೆ ಹಿಂಡುವ ಕಿಟ್ಟಿಯ ವಿವರವಿದೆ. ಮೈ ಬಗ್ಗಿಸಿ ಕಟ್ಟಿ ಬಿಸಿಲಿಗೆ ನಿಲ್ಲಿಸುತ್ತಿದ್ದುದರ ವಿವರವೂ ಇದೆ. ತೀರ್ವೆ ವಸೂಲಿ ಮಾಡುವವರೂ ಕಳ್ಳನನ್ನು ಹಿಡಿಯುವವರೂ ಒಬ್ಬರೇ ಆಗಿದ್ದರಿಂದ ರೈತ ದೂರು ಕೊಡಲು ಹೋಗಬೇಕಾದದ್ದು ಹೊಡೆದವರ ಬಳಿಗೇ. 1859ರ ಮದ್ರಾಸ್ ಪೊಲೀಸ್ ಕಾಯ್ದೆ ಈ ಎರಡು ಅಧಿಕಾರಗಳನ್ನು ಬೇರ್ಪಡಿಸಿತು.

1861ರ ಅಪರಾಧ ಪ್ರಕ್ರಿಯಾ ಸಂಹಿತೆ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನಿರಾಕರಿಸಿತು. 1872ರ ಸಾಕ್ಷ್ಯ ಕಾಯ್ದೆ ಅದನ್ನು 25 ಮತ್ತು 26ನೇ ಕಲಮುಗಳಾಗಿ ಉಳಿಸಿಕೊಂಡಿತು. ಆಳುವವರಿಗೇ ತಮ್ಮ ಪೊಲೀಸರ ಮೇಲೆ ನಂಬಿಕೆ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ದಾಖಲೆ ಬೇಕಿಲ್ಲ. ಆದರೆ ಬೆನ್ನಲ್ಲೇ 27ನೇ ಕಲಮು ಬಂತು: ಆರೋಪಿಯ ಮಾತಿನಿಂದ ಒಂದು ವಸ್ತು ಪತ್ತೆಯಾದರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ಕರ್ನಾಟಕದ ದೋಷಾರೋಪ ಪಟ್ಟಿಗಳಲ್ಲಿ ಇಂದಿಗೂ ಕಾಣುವ ‘ಸ್ವಇಚ್ಛಾ ಹೇಳಿಕೆ’ ನಿಂತಿರುವುದು ಈ ವಿನಾಯಿತಿಯ ಮೇಲೆಯೇ. ಹೇಳಿಕೆ, ಪಂಚರು, ಮಹಜರು, ಜಪ್ತಿ ಎಂಬ ಕ್ರಮ ಅದರಿಂದಲೇ ಬೆಳೆದದ್ದು.

ಕಾನೂನು ಅಲ್ಲಿಯವರೆಗೆ ನ್ಯಾಯಾಲಯದ ಬಾಗಿಲನ್ನು ಕಾಯುತ್ತಿತ್ತು, ಠಾಣೆಯ ಕೋಣೆಯನ್ನಲ್ಲ. ಕೋಣೆಯೊಳಕ್ಕೆ ಅದು ಕಾಲಿಟ್ಟದ್ದು 1978ರಲ್ಲಿ, ನಂದಿನಿ ಸತ್ಪತಿ ಪ್ರಕರಣದಲ್ಲಿ. ಒಡಿಶಾದ ಮಾಜಿ ಮುಖ್ಯಮಂತ್ರಿಯಾಗಿದ್ದ ಅವರನ್ನು 1977ರಲ್ಲಿ ಕಟಕ್‌ನ ವಿಜಿಲೆನ್ಸ್ ಠಾಣೆಗೆ ಕರೆಸಿ, ಲಿಖಿತ ಪ್ರಶ್ನೆಗಳ ಉದ್ದನೆಯ ಪಟ್ಟಿ ಕೊಟ್ಟರು. ಅವರು ಉತ್ತರಿಸಲು ಒಪ್ಪದಿದ್ದಾಗ ದಂಡ ಸಂಹಿತೆಯ 179ನೇ ಕಲಮಿನಡಿ ಮೊಕದ್ದಮೆ ಹೂಡಿದರು. ಸಂವಿಧಾನದ 20(3)ನೇ ವಿಧಿ ಕೊಡುವ ಮೌನದ ಹಕ್ಕು ಕಟಕಟೆಗೆ ಮಾತ್ರ ಸೀಮಿತವಲ್ಲ, ಪೊಲೀಸ್ ತನಿಖೆಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದರು. ವಕೀಲರು ಜೊತೆಗಿರಬೇಕೆಂದು ಕೇಳಿದವರಿಗೆ ಅದನ್ನು ನಿರಾಕರಿಸಬಾರದೆಂದರು. ಹೆಣ್ಣುಮಗಳನ್ನು ಸಾಕ್ಷಿ ಹೇಳಲು ಠಾಣೆಗೆ ಕರೆಸಿದ್ದೇ ಅಪರಾಧ ಪ್ರಕ್ರಿಯಾ ಸಂಹಿತೆಯ 160ನೇ ಕಲಮಿನ ಉಲ್ಲಂಘನೆ ಎಂದೂ ಗುರುತಿಸಿದರು. ಮಾಜಿ ಮುಖ್ಯಮಂತ್ರಿಗೇ ಹೀಗಾದರೆ ಕೂಲಿಯವರ ಪಾಡೇನು ಎಂಬ ಪ್ರಶ್ನೆ ಈ ತೀರ್ಪನ್ನು ಓದುವಾಗ ಕಾಡುತ್ತದೆ.

ಆನಂತರ ನ್ಯಾಯಾಲಯ ಅಷ್ಟೇ ಧೈರ್ಯ ತೋರಲಿಲ್ಲ. 1996ರ ಡಿ.ಕೆ. ಬಸು ತೀರ್ಪು ಬಂಧನ ಮತ್ತು ವಿಚಾರಣೆಯ ಬಗ್ಗೆ ಹನ್ನೊಂದು ನಿರ್ದೇಶನಗಳನ್ನು ಕೊಟ್ಟಿತು. ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗಬಹುದು, ಆದರೆ ಅವರು ಉದ್ದಕ್ಕೂ ಜೊತೆಗಿರುವಂತಿಲ್ಲ ಎಂಬುದು ಅವುಗಳಲ್ಲಿ ಒಂದು. 2010ರ ನವೆಂಬರ್‌ನಲ್ಲಿ ಜಾರಿಗೆ ಬಂದ ಪ್ರಕ್ರಿಯಾ ಸಂಹಿತೆಯ 41ಡಿ ಕಲಮು ಆ ಮಿತಿಯನ್ನೇ ಶಾಸನವಾಗಿಸಿತು.

ಕರ್ನಾಟಕದ ದಾಖಲೆ ಎರಡೂ ಬಗೆಯದು. ಬೆಂಗಳೂರಿನ ಕೋರಮಂಗಲ ಠಾಣೆಯ ಪ್ರಕರಣವೊಂದರಲ್ಲಿ 2004ರಲ್ಲಿ ನಮ್ಮ ಹೈಕೋರ್ಟ್ ಮಂಪರು ಪರೀಕ್ಷೆಯಂಥ ವಿಧಾನಗಳಿಗೆ ಅವಕಾಶ ಕೊಟ್ಟಿತ್ತು. ಸೆಲ್ವಿ ಪ್ರಕರಣವೆಂದು ಹೆಸರಾದ ಅದೇ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಮಿದುಳು ನಕ್ಷೆ ಪರೀಕ್ಷೆ ನಡೆಸುವಂತಿಲ್ಲ ಎಂದಿತು. ಇನ್ನೊಂದೆಡೆ, 2000ದ ಕರ್ನಾಟಕ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ ಹಿರಿಯ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪುತ್ತದೆ. 1861ರಲ್ಲಿ ವಸಾಹತು ಸರ್ಕಾರ ಮುಚ್ಚಿದ ದಾರಿಯನ್ನು ಚುನಾಯಿತ ಶಾಸನಸಭೆಯೇ ತೆರೆದದ್ದು ನೋವಿನ ಸಂಗತಿ.

2024ರ ಜುಲೈ 1ರಿಂದ ಕಲಮುಗಳ ಸಂಖ್ಯೆ ಬದಲಾಗಿದೆ. ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಂತೆ ಮಹಿಳೆಯರು, ಅಂಗವಿಕಲರು, ತೀವ್ರ ಅನಾರೋಗ್ಯದಲ್ಲಿರುವವರು, 15 ವರ್ಷದೊಳಗಿನ ಅಥವಾ 60 ದಾಟಿದ ಗಂಡಸರು ಮನೆಯಲ್ಲೇ ಹೇಳಿಕೆ ಕೊಡಬಹುದು. ವಕೀಲರ ವಿಷಯದಲ್ಲಿ ಮಾತ್ರ 38ನೇ ಕಲಮು ಹಳೆಯ ಮಿತಿಯನ್ನು ಹಾಗೆಯೇ ಉಳಿಸಿಕೊಂಡಿದೆ. 1978ರಲ್ಲಿ ಕೃಷ್ಣ ಅಯ್ಯರ್ ವಕೀಲರಿಗೆ ಠಾಣೆಯೊಳಗೆ ಕೊಡಲು ಹೊರಟ ಜಾಗವನ್ನು ಸಂಸತ್ತು ಇನ್ನೂ ಕೊಟ್ಟಿಲ್ಲ.