ಬೀಗದ ಜಗಳ: ಅಂದು ಮತ್ತು ಇಂದು

ತಂತ್ರಾಂಶಗಳಲ್ಲಿ ಅಡಗಿರುವ ದೋಷಗಳನ್ನು ತಾನಾಗಿಯೇ ಹುಡುಕಬಲ್ಲ ಕೃತಕ ಬುದ್ಧಿಮತ್ತೆಯನ್ನು ಎಲ್ಲರ ಕೈಗೂ ಕೊಡಬಹುದೇ ಎಂಬ ವಾದವು ಈಚಿನ ವರ್ಷಗಳಲ್ಲಿ ಬಿರುಸಾಗಿ ನಡೆದಿದೆ. ಇತಿಹಾಸದ ಪಾಠ ಹೇಳಿದ ನನಗೆ ಇದನ್ನು ಓದುವಾಗಲೆಲ್ಲ 1851ರ ಲಂಡನ್ ನಗರ ನೆನಪಾಗುತ್ತದೆ.

ಆ ವರ್ಷದ ಮಹಾ ವಸ್ತುಪ್ರದರ್ಶನಕ್ಕೆ ಅಮೆರಿಕದಿಂದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಬೀಗತಜ್ಞ ಬಂದಿದ್ದ. ಅಭೇದ್ಯವೆಂದು ಹೆಸರಾಗಿದ್ದ ಚಬ್ ಬೀಗವನ್ನು ಆತ ಸುಮಾರು 25 ನಿಮಿಷಗಳಲ್ಲಿ ತೆರೆದುಬಿಟ್ಟ! ಪಿಕಾಡಿಲಿಯ ಬ್ರಾಮಾ ಅಂಗಡಿಯ ಕಿಟಕಿಯಲ್ಲಿ, ತೆರೆದವರಿಗೆ 200 ಗಿನಿ ಎಂಬ ಸವಾಲಿನೊಡನೆ, ಇನ್ನೊಂದು ಬೀಗವು ಆರು ದಶಕಗಳಿಂದ ಮೆರೆಯುತ್ತಿತ್ತು. ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು ಅದನ್ನೂ ಗೆದ್ದ. ಬ್ರಾಮಾದವರು ತಕರಾರು ತೆಗೆದರು. ಪತ್ರಿಕೆಗಳಲ್ಲಿ ವಾಗ್ಯುದ್ಧವೇ ನಡೆಯಿತು. ಇಂಥ ಗುಟ್ಟನ್ನು ರಟ್ಟು ಮಾಡಿದರೆ ಕಳ್ಳರಿಗೆ ಪಾಠ ಹೇಳಿದಂತಾಗದೇ ಎಂದು ಕೆಲವರ ಆಕ್ಷೇಪ. 1853ರಲ್ಲಿ ಚಾರ್ಲ್ಸ್ ಟಾಮ್ಲಿನ್ಸನ್ ಸಂಪಾದಿಸಿದ ಬೀಗಶಾಸ್ತ್ರದ ಗ್ರಂಥವು ಇದಕ್ಕೆ ಉತ್ತರಿಸಿ, ದೋಷವನ್ನು ಮುಚ್ಚಿಟ್ಟರೆ ಕೆಡುವವನು ಬೀಗ ಕೊಂಡವನೇ ಹೊರತು ಕಳ್ಳನಲ್ಲ ಎಂಬ ಧಾಟಿಯಲ್ಲಿ ವಾದಿಸಿತು. ಅಂದ ಹಾಗೆ, ಹಾಬ್ಸ್ ಮಹಾಶಯನು ತರುವಾಯ ಲಂಡನ್ನಿನಲ್ಲೇ ತನ್ನ ಬೀಗದ ಉದ್ಯಮ ತೆರೆದ. ಮೊದಲು ಭಯ, ಆಮೇಲೆ ವ್ಯಾಪಾರ!

ಇಂದಿಗೂ ಈ ಗುಮಾನಿ ತಪ್ಪಿಲ್ಲ. ಚೀನಾ ಸರ್ಕಾರದ ಬೆಂಬಲವುಳ್ಳ ತಂಡವೊಂದು ತನ್ನ ಕೃತಕ ಬುದ್ಧಿಮತ್ತೆಯ ಉಪಕರಣವನ್ನೇ ಬಳಸಿ ಸುಮಾರು 30 ಸಂಸ್ಥೆಗಳ ಮೇಲೆ ದಾಳಿಗೆ ಯತ್ನಿಸಿತು, ಕೆಲಸದ ಬಹುಪಾಲನ್ನು ಯಂತ್ರವೇ ಮಾಡಿತು ಎಂದು ಅಮೆರಿಕದ ಆಂಥ್ರೊಪಿಕ್ ಕಂಪನಿಯು 2025ರ ನವೆಂಬರಿನಲ್ಲಿ ಪ್ರಕಟಿಸಿತು. ತಾಂತ್ರಿಕ ಪುರಾವೆ ಸಾಲದೆಂದು ಕೆಲವು ತಜ್ಞರು ತಕ್ಷಣವೇ ಆಕ್ಷೇಪಿಸಿದರು. ಮಾರುವವನೇ ಎಚ್ಚರಿಕೆಯನ್ನೂ ಕೊಡುವಾಗ ಪುರಾವೆ ಕೇಳುವುದು ನ್ಯಾಯವೇ. ಆದರೆ ಆ ಕಾರಣಕ್ಕೇ ಎಚ್ಚರಿಕೆಯನ್ನು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. 2016ರ ಆಗಸ್ಟಿನಲ್ಲಿ ಲಾಸ್ ವೇಗಾಸ್‌ನಲ್ಲಿ ಏಳು ಯಂತ್ರಗಳ ನಡುವೆ ನಡೆದ ದೋಷಶೋಧನೆಯ ಪಂದ್ಯದಲ್ಲಿ ಗೆದ್ದ 'ಮೇಹೆಮ್', ಬೆನ್ನಲ್ಲೇ ಮನುಷ್ಯರೊಡನೆ ಸ್ಪರ್ಧಿಸಿ ಕೊನೆಯ ಸ್ಥಾನ ಪಡೆದಿತ್ತು. ಎಂಟೇ ವರ್ಷಗಳ ಮೇಲೆ, 2024ರಲ್ಲಿ, ಗೂಗಲ್ಲಿನ 'ಬಿಗ್ ಸ್ಲೀಪ್' ಎಂಬುದು ಜಗತ್ತೆಲ್ಲ ಬಳಸುವ ಎಸ್‌ಕ್ಯೂಲೈಟ್ ತಂತ್ರಾಂಶದಲ್ಲಿ ಯಾರೂ ಕಾಣದ ದೋಷವೊಂದನ್ನು ಹಿಡಿಯಿತು.

ಹಾಬ್ಸ್ ತೆರೆದದ್ದು ಒಂದು ಬೀಗ. ಪಕ್ಕದ ಮನೆಯದಕ್ಕೆ ಮತ್ತೆ ಬೆವರು ಹರಿಸಬೇಕಿತ್ತು. ತಂತ್ರಾಂಶದ ಒಂದು ದೋಷವಾದರೋ ಲಕ್ಷಾಂತರ ಮನೆಗಳ ಬಾಗಿಲು. ಎಸ್‌ಕ್ಯೂಲೈಟಿನವರು ಸುದ್ದಿ ತಿಳಿದ ದಿನವೇ ಅದನ್ನು ಸರಿಪಡಿಸಿದರು. ಕಂಪನಿಯವರು ಕೈಬಿಟ್ಟಿರುವ ನನ್ನ ಹಳೆಯ ಮೊಬೈಲಿಗೆ ಅಂಥ ತೇಪೆ ಯಾವುದೂ ಬರುವುದಿಲ್ಲ. ಪಿಂಚಣಿಯ ಲೆಕ್ಕ ನೋಡುವುದು ಮಾತ್ರ ಅದರಲ್ಲೇ.