ಶುಕ್ರಸಂಕ್ರಮಣವೂ ತಾನಾಗಿ ಚಿತ್ರ ತೆಗೆಯುವ ಯಂತ್ರವೂ

ನಿಯತವಾದ ಕಾಲಾಂತರದಲ್ಲಿ, ಮನುಷ್ಯನ ಕೈ ಸೋಂಕದೆ, ಒಂದಾದ ಮೇಲೊಂದರಂತೆ ಚಿತ್ರಗಳನ್ನು ತೆಗೆಯುವುದು ಇಂದಿನ ಡಿಜಿಟಲ್ ಕ್ಯಾಮರಾಗಳಿಗೆ ಸಾಮಾನ್ಯವಾದ ಕೆಲಸ. ಮೊಗ್ಗು ಅರಳುವುದನ್ನೂ ಮೋಡ ಸರಿಯುವುದನ್ನೂ ಇದರಿಂದ ತೋರಿಸುವರಾದ ಕಾರಣ, ಚಲನೆಯನ್ನು ತೋರಿಸುವುದಕ್ಕಾಗಿಯೇ ಈ ಉಪಾಯವು ಹುಟ್ಟಿತೆಂದು ಹಲವರ ಭಾವನೆ. ಇದು ಸರಿಯಲ್ಲ. ಇದರ ಮೂಲವು ಜ್ಯೋತಿಶ್ಶಾಸ್ತ್ರದ ಒಂದು ತೊಡಕಿನಲ್ಲಿದೆ.

ಶುಕ್ರನು ಸೂರ್ಯಬಿಂಬವನ್ನು ಹಾಯ್ದುಹೋಗುವುದನ್ನು ಶುಕ್ರಸಂಕ್ರಮಣವೆನ್ನುವರು. (ಪಂಚಾಂಗದ ಸಂಕ್ರಮಣಕ್ಕೂ ಇದಕ್ಕೂ ಸಂಬಂಧವಿಲ್ಲ.) ಭೂಮಿಯ ಬೇರೆಬೇರೆ ಎಡೆಗಳಿಂದ ಇದರ ಕಾಲವನ್ನು ಅಳೆದರೆ ಸೂರ್ಯನ ದೂರವು ಗಣಿತದಿಂದ ಸಿದ್ಧಿಸುತ್ತದೆ. ಆದರೆ ನಮ್ಮ ಗ್ರಹಣಗಣಿತದಲ್ಲಿ ಸಮ್ಮೀಲನವೆನ್ನುವಂತಹ ಕ್ಷಣ, ಎಂದರೆ ಶುಕ್ರಬಿಂಬವು ಪೂರ್ತಿಯಾಗಿ ಒಳಸೇರುವ ಕ್ಷಣವು, ಕಣ್ಣಿಗೆ ಸ್ಪಷ್ಟವಾಗದು. ಬಿಂಬದ ಅಂಚಿಗೂ ಶುಕ್ರನಿಗೂ ನಡುವೆ ಕಪ್ಪು ಹನಿಯೊಂದು ಜೋತುಬಿದ್ದಂತೆ ತೋರುವುದು. 1769ರಲ್ಲಿ ಟಹೀಟಿ ದ್ವೀಪದಿಂದ ನೋಡಿದ ಕುಕ್ ಮತ್ತು ಗ್ರೀನ್ ಎಂಬವರು ಒಂದೇ ಸ್ಥಳದಲ್ಲಿದ್ದರೂ ಅವರ ಕಾಲಗಳು ಒಂದಕ್ಕೊಂದು ಹೊಂದಲಿಲ್ಲ. ಪ್ರತ್ಯಕ್ಷವೇ ಪ್ರಮಾಣವೆನ್ನುವವರಿಗೆ ಇದಕ್ಕಿಂತ ದೊಡ್ಡ ಸಂಕಟವುಂಟೇ!

ಈ ದೋಷದ ಪರಿಹಾರಾರ್ಥವಾಗಿ ಫ್ರಾನ್ಸಿನ ಜ್ಯೂಲ್ ಜಾನ್ಸೆನ್ನರು 1873ರಲ್ಲಿ ಹೊಸ ಯಂತ್ರವೊಂದನ್ನು ಸೂಚಿಸಿದರು. ಇವರು 1868ರ ಸೂರ್ಯಗ್ರಹಣವನ್ನು ನಮ್ಮ ದೇಶದ ಗುಂಟೂರಿನಲ್ಲಿ ಪರೀಕ್ಷಿಸಿದ್ದ ಪ್ರಸಿದ್ಧ ಪಂಡಿತರೇ. ಕಣ್ಣು ನಿರ್ಣಯಿಸಲಾರದ ಕ್ಷಣವನ್ನು ಅದರ ಹಿಂದುಮುಂದಿನ ಕ್ಷಣಗಳೊಡನೆ ಯಂತ್ರವೇ ಹಿಡಿದಿಡಲಿ, ನಿರ್ಣಯವನ್ನು ಆಮೇಲೆ ಮಾಡೋಣ ಎಂಬುದು ಅವರ ಆಶಯವಾಗಿತ್ತು. ಈ ಯಂತ್ರದಲ್ಲಿ ಚಕ್ರಗಳೆರಡು. ಹನ್ನೆರಡು ಸೀಳುಗಳುಳ್ಳ ಮೊದಲನೆಯದು 18 ಸೆಕೆಂಡುಗಳಿಗೊಮ್ಮೆ ಎಡೆಬಿಡದೆ ಸುತ್ತುವುದು. ದಾಗೆರೋಟೈಪ್ ತಟ್ಟೆಯನ್ನು ಹೊತ್ತ ಎರಡನೆಯದು ನಿಂತು ನಿಂತು ಚಲಿಸಿ, 72 ಸೆಕೆಂಡುಗಳಲ್ಲಿ ಒಂದು ಸುತ್ತನ್ನು ಮುಗಿಸುವುದು. ಹೀಗೆ ಒಂದೂವರೆ ಸೆಕೆಂಡಿಗೊಂದರಂತೆ 48 ಚಿತ್ರಗಳು ತಟ್ಟೆಯ ಅಂಚಿನಲ್ಲಿ ಸಾಲಾಗಿ ಮೂಡುವುವು. ಗಡಿಯಾರದ ಯಂತ್ರವೇ ಎಲ್ಲವನ್ನೂ ನಡೆಸುವುದು. ತಟ್ಟೆಯು ನಿಂತಾಗ ಮಾತ್ರ ಬೆಳಕು ಬೀಳಬೇಕೆಂಬುದೇ ಇದರ ಮರ್ಮ.

1874ನೆಯ ಡಿಸೆಂಬರ್ 9ರಂದು ಜಪಾನಿನ ನಾಗಾಸಾಕಿಯಲ್ಲಿ ಈ ಯಂತ್ರವನ್ನು ಪ್ರಯೋಗಿಸಲಾಯಿತು. ಅದನ್ನು ನಡೆಸಿದವರು ಜಾನ್ಸೆನ್ನರಲ್ಲ, ಅವರೊಡನಿದ್ದ ಬ್ರೆಜಿಲ್ ದೇಶದ ಅಲ್ಮೇಡಾ ಎಂಬವರು. ಆ ವರ್ಷ ಹಲವು ರಾಷ್ಟ್ರಗಳವರು ತೆಗೆದ ಛಾಯಾಚಿತ್ರಗಳಿಂದ ನಿರೀಕ್ಷಿಸಿದಷ್ಟು ಸೂಕ್ಷ್ಮವಾದ ಫಲವು ದೊರೆಯಲಿಲ್ಲ. ಉದ್ದೇಶವು ಹೀಗೆ ಕುಂಠಿತವಾದರೂ ಉಪಾಯವು ಉಳಿಯಿತು. ಹಕ್ಕಿಗಳ ರೆಕ್ಕೆಯ ಚಲನೆಯನ್ನು ಈ ಕ್ರಮದಿಂದ ಅರಿಯಬಹುದೆಂದು ಜಾನ್ಸೆನ್ನರೇ 1876ರಲ್ಲಿ ಸೂಚಿಸಿದರು. ಮರೇ ಎಂಬ ಶರೀರಶಾಸ್ತ್ರಜ್ಞರು 1882ರಲ್ಲಿ ಸೆಕೆಂಡಿಗೆ 12 ಚಿತ್ರಗಳನ್ನು ತೆಗೆಯುವ ಬಂದೂಕಿನಾಕಾರದ ಯಂತ್ರದಿಂದ ಅದನ್ನು ಸಾಧಿಸಿದರು. ಚಲನೆಯ ವಿಚಾರವು ಸೇರಿದುದು ಈ ಎರಡನೆಯ ಹಂತದಲ್ಲಿ.

ಇನ್ನೊಂದು ಮಾತು. ಜಾನ್ಸೆನ್ನರ ತಟ್ಟೆಯ ಚಿತ್ರಗಳನ್ನು ಚಲಿಸುವಂತೆ ಜೋಡಿಸಿ, ಇದೇ 1874ರ ಶುಕ್ರಸಂಕ್ರಮಣ, ಇದೇ ಚಲಚ್ಚಿತ್ರಗಳಲ್ಲಿ ಮೊದಲನೆಯದು ಎಂದು ಈಗಲೂ ತೋರಿಸುತ್ತಿರುವರು. 2005ರಲ್ಲಿ ಲೋನೆ ಮತ್ತು ಹಿಂಗ್ಲಿ ಎಂಬ ಸಂಶೋಧಕರು ಉಳಿದಿರುವ ತಟ್ಟೆಗಳನ್ನು ಪರಿಶೀಲಿಸಿ, ಅವು ಸೂರ್ಯಶುಕ್ರರ ಪ್ರತಿಕೃತಿಯನ್ನಿಟ್ಟು ಅಭ್ಯಾಸಕ್ಕಾಗಿ ತೆಗೆದವೆಂದು ನಿರ್ಣಯಿಸಿದರು. ಆದಕಾರಣ ನಾವು ಕಾಣುತ್ತಿರುವ ಆ ಕರಿಯ ಬಿಂಬವು ಶುಕ್ರನಲ್ಲ. ಶುಕ್ರನ ಸ್ಥಾನದಲ್ಲಿ ಇರಿಸಿದ ಒಂದು ಬಿಲ್ಲೆ.